ಅಸಲು 3, ನಕಲು 2048

ಡೊಂಬಿವಲಿಯಿಂದ ದಾದರಿಗೆ ಮುಂಬಯಿಯ ಫಾಸ್ಟ್ ಲೋಕಲ್‌ನಲ್ಲಿ ಮುಕ್ಕಾಲು ಗಂಟೆಯ ಮೇಲೆ ಚೂರು. ಬೆಳಿಗ್ಗೆ ನಿಂತೇ ಹೋಗುವುದು, ಒಂದು ಕೈ ಹಿಡಿಕೆಗೆ, ಇನ್ನೊಂದು ಮೊಬೈಲಿಗೆ. ಹಾಗಾಗಿ ಹೆಬ್ಬೆರಳೊಂದರಲ್ಲೇ ಆಡಲು ಬರದ ಗೇಮು ನನಗೆ ಗೇಮೇ ಅಲ್ಲ.

ನಮ್ಮ ಡಬ್ಬಾದಲ್ಲಿ ಕಾಪು ಕಡೆಯ ಹಿರಿಯರೊಬ್ಬರಿದ್ದಾರೆ. "ಈಗಿನ ಗೇಮಲ್ಲಿ ಹೊಸತು ಎಂತ ಉಂಟು ಮಾರಾಯ, ಒಂದರ ನಕಲು ಇನ್ನೊಂದು" ಎನ್ನುವುದು ಅವರ ನಿತ್ಯದ ಪಲ್ಲವಿ. ಹಾಗೆನ್ನುವಾಗಲೂ ಅವರ ಕಣ್ಣು 2048 ಎಂಬ ಗೇಮಿನ ಮೇಲಿಂದ ಏಳುವುದಿಲ್ಲ. "ಅಣ್ಣ, ನೀವು ಆಡುವುದೂ ನಕಲೇ" ಎಂದೆ. ನಂಬಲಿಲ್ಲ. ಅಲ್ಲಿಂದ ಶುರುವಾಯಿತು ನನ್ನ ಈ ಪರೀಕ್ಷೆ: ಒಂದು ತಿಂಗಳು ಅಸಲನ್ನೂ ನಕಲನ್ನೂ ವಾರ ಬಿಟ್ಟು ವಾರ ಆಡಿದೆ.

ಅಸಲಿನ ಹೆಸರು ಥ್ರೀಸ್. ಆಶರ್ ವೋಲ್ಮರ್, ಗ್ರೆಗ್ ವೋಲ್ವೆಂಡ್ ಎಂಬಿಬ್ಬರು 14 ತಿಂಗಳು ತಿದ್ದಿ ತೀಡಿ 2014ರ ಫೆಬ್ರುವರಿಯಲ್ಲಿ ಐಫೋನಿಗೆ ಬಿಟ್ಟರು. ಬೆಲೆ 2 ಡಾಲರಿಗೆ ಒಂದು ಸೆಂಟ್ ಕಮ್ಮಿ. ತಿಂಗಳು ತುಂಬುವ ಮೊದಲೇ ಅದರ ನಕಲಾಗಿ 1024 ಎಂಬ ಬಿಟ್ಟಿ ಆಟ ಬಂತು. ಮಾರ್ಚಿನಲ್ಲಿ ಇಟಲಿಯ 19 ವರ್ಷದ ಹುಡುಗ ಗೇಬ್ರಿಯೆಲೆ ಚಿರುಲ್ಲಿ ಒಂದು ವಾರಾಂತ್ಯದಲ್ಲಿ 2048 ಕಟ್ಟಿ, ಕೋಡನ್ನೂ ಬಿಚ್ಚಿಟ್ಟು ಊರಿಗೆಲ್ಲ ಹಂಚಿದ. ಹಂಚಿದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಜಗತ್ತಿಗೆ ನೆನಪಿರುವುದು ಎರಡು ದಿನದ ಕೆಲಸ, 14 ತಿಂಗಳಿನದ್ದಲ್ಲ. ಕೋರ್ಟಿಗೆ ಹೋಗಿಯೂ ಉಪಯೋಗವಿಲ್ಲ. ಕಾಪಿರೈಟ್ ಇರುವುದು ಚಿತ್ರಕ್ಕೆ, ಸಂಗೀತಕ್ಕೆ, ಕೋಡಿಗೆ. ಆಟದ ನಿಯಮಕ್ಕೆ ಇಲ್ಲ.

ನೋಡಲು ಎರಡೂ ಒಂದೇ. ನಾಲ್ಕು ನಾಲ್ಕು ಮನೆಯ ಹಾಸು, ಸಂಖ್ಯೆಯ ಬಿಲ್ಲೆಗಳು, ಸರಿಸಿದರೆ ಜೋಡಿ ಕೂಡಿ ದೊಡ್ಡದಾಗುತ್ತವೆ. ಮೊದಲ ದಿನ ನನಗೂ ಹಾಗೇ ಅನ್ನಿಸಿತ್ತು.

2048ರಲ್ಲಿ ಬಿಲ್ಲೆ ಗೋಡೆಗೆ ಬಡಿಯುವವರೆಗೆ ಜಾರುತ್ತದೆ. ದೊಡ್ಡದನ್ನು ಮೂಲೆಗೆ ಒತ್ತಿ ಮೇಲೆ, ಎಡಕ್ಕೆ, ಮೇಲೆ, ಎಡಕ್ಕೆ ಎಂದು ತಳ್ಳುತ್ತಿದ್ದರೆ ಕಣ್ಣು ಕಿಟಕಿಯಾಚೆ ಇದ್ದರೂ ನಡೆಯುತ್ತದೆ. ಎರಡನೇ ದಿನವೇ 2048ರ ಬಿಲ್ಲೆ ಆಯಿತು, ವಾರದೊಳಗೆ 4096. ಆಮೇಲೆ ಆಡುತ್ತಿದ್ದದ್ದು ನಾನಲ್ಲ, ನನ್ನ ಹೆಬ್ಬೆರಳು.

ಥ್ರೀಸ್‌ನಲ್ಲಿ ಒಂದು ಸಲಕ್ಕೆ ಒಂದೇ ಮನೆ ಸರಿಯುತ್ತದೆ. 1ಕ್ಕೆ 2 ಮಾತ್ರ ಕೂಡುತ್ತದೆ, 1ಕ್ಕೆ 1 ಕೂಡುವುದಿಲ್ಲ. ಎರಡೂ ಸೇರಿ 3 ಆದ ಮೇಲಷ್ಟೇ ಸಮಕ್ಕೆ ಸಮ: 6, 12, 24. ಈ ಸಣ್ಣ ತಂಟೆಯಲ್ಲೇ ಇರುವುದು ಪ್ರಾಣ. ಮೂಲೆಯಲ್ಲಿ ಒಂದು 1 ಸಿಕ್ಕಿಹಾಕಿಕೊಂಡು ಅದಕ್ಕೆ 2 ಒದಗಿಸಲಾಗದೆ, ಹೆಣ್ಣು ಹುಡುಕಿ ಸುಸ್ತಾದ ಮನೆಯವರಂತೆ ಒದ್ದಾಡಿದ್ದೇನೆ. ಮುಂದೆ ಬರುವ ಬಿಲ್ಲೆ ಯಾವುದೆಂದು ಮೊದಲೇ ಸುಳಿವು ಸಿಗುತ್ತದೆ. ಬೆರಳನ್ನು ಅರ್ಧ ಎಳೆದು ಹಿಡಿದರೆ ನಡೆ ಹೇಗೆ ಬೀಳುತ್ತದೆಂದು ಕಾಣುತ್ತದೆ, ಬೇಡವೆಂದರೆ ವಾಪಸು. ಈ ಅರ್ಧ ಎಳೆತ ನನಗೆ ತುಂಬ ಹಿಡಿಸಿತು. ಠಾಣೆಯಲ್ಲಿ ಜನ ನುಗ್ಗುವಾಗ ಬೆರಳನ್ನು ಹಾಗೇ ಅರ್ಧದಲ್ಲಿ ಹಿಡಿದು ನಿಂತಿದ್ದೇನೆ! ನನ್ನ ಅತಿ ದೊಡ್ಡ ಬಿಲ್ಲೆ 768. ಅದನ್ನು ದಾಟಲಾಗಿಲ್ಲ.

ನಕಲು ಬಿಟ್ಟುಹಾಕಿದ್ದು ಚಂದವನ್ನಲ್ಲ, ಅಡ್ಡಿಯನ್ನು. ಅಸಲಿನವರು ತಿಂಗಳುಗಟ್ಟಲೆ ಕೂತು ಇಟ್ಟ ಕಷ್ಟವನ್ನೇ ನಕಲಿನವರು ಕಸವೆಂದು ಗುಡಿಸಿದರು.

ಚೆನ್ನೆಮಣೆ ನೆನಪಾಗುತ್ತದೆ. ಅದನ್ನು ಮಾಡಿದವರಾರೋ ಗೊತ್ತಿಲ್ಲ, ಇರುವುದೆಲ್ಲ ನಕಲೇ. ಆಟಿಯ ಮಳೆಯಲ್ಲಿ ಅಜ್ಜಿ ಒಂದು ಬಗೆ ಆಡಿಸಿದರೆ ಪಕ್ಕದ ಮನೆಯಲ್ಲಿ ಇನ್ನೊಂದು ಬಗೆ. ಕದ್ದರೆಂದು ಯಾರೂ ಯಾರನ್ನೂ ದೂರಲಿಲ್ಲ. ಆದರೆ ಅಲ್ಲಿ ನಕಲು ಮಾಡಿದವರು ಏನಾದರೊಂದು ಸೇರಿಸುತ್ತಿದ್ದರು, ಮುಖ್ಯವಾಗಿ ಎದುರಿನವರನ್ನು ಸೋಲಿಸುವ ಹೊಸ ಕುತಂತ್ರ.

ಹಾಗೆ ಸೇರಿಸಿದ್ದಕ್ಕೆ ಮೊಬೈಲ್ ಕಾಲದ ಉದಾಹರಣೆಯೂ ಇದೆ, ಜಪಾನಿನ ಸುಯಿಕಾ ಗೇಮ್. ಒಂದೇ ಬಗೆಯ ಎರಡು ಹಣ್ಣು ತಾಗಿದರೆ ದೊಡ್ಡ ಹಣ್ಣು, ಚೆರ್ರಿಯಿಂದ ಕಲ್ಲಂಗಡಿಯವರೆಗೆ 11. ಇದಕ್ಕೂ ಮೊದಲು ಚೀನಾದಲ್ಲಿ ಅಂಥದ್ದೇ ಕಲ್ಲಂಗಡಿ ಆಟ ಓಡಿತ್ತು, ಅಂದರೆ ಇದೂ ಚೊಚ್ಚಲಲ್ಲ. ಆದರೂ ಸಮ ಕೂಡುವ ಹಳೇ ನಿಯಮಕ್ಕೆ ಉರುಳುವ ಭಾರ ಸೇರಿದೆ. ಹಣ್ಣು ಎಣಿಸಿದಲ್ಲಿ ನಿಲ್ಲುವುದಿಲ್ಲ. ಅಕ್ಕನ ಮಗನ ಗೇಮ್ ಯಂತ್ರ ಸ್ವಿಚ್‌ನಲ್ಲಿ ಆಡಿದೆ, ಮಜಾ ಬಂತು. ಫೋನಿಗೆ ಇಳಿಸಿಕೊಂಡದ್ದು ಅದರದ್ದೂ ಒಂದು ನಕಲು. ಮೂರು ಹಣ್ಣು ಬೀಳುವಷ್ಟರಲ್ಲಿ ಒಂದು ಜಾಹೀರಾತು. ಮುಲುಂಡ್ ಬರುವ ಮೊದಲೇ ಕಿತ್ತುಹಾಕಿದೆ.

ದೊಡ್ಡ ಕಂಪನಿಗಳ ಮಾತು ಬೇರೆ, ಅವರು ತಮ್ಮದನ್ನೇ ನಕಲು ಮಾಡಿಕೊಳ್ಳುತ್ತಾರೆ. ದಿ ಲಾಸ್ಟ್ ಆಫ್ ಅಸ್ ಎಂಬ ಆಟ 2013ರಲ್ಲಿ ಬಂತು, 2014ರಲ್ಲಿ ಪಾಲಿಶ್ ಹೊಡೆದು ಬಂತು, 2022ರಲ್ಲಿ ಹೊಸದಾಗಿ ಕಟ್ಟಿ ಬಂತು. ಕತೆ ಅದೇ. ನೂರಾರು ಕೋಟಿ ಸುರಿಯುವವರು ಗೆದ್ದ ಕುದುರೆಯನ್ನೇ ಮತ್ತೆ ಓಡಿಸುತ್ತಾರೆ, ಅದರಲ್ಲಿ ಆಶ್ಚರ್ಯವೇನಿಲ್ಲ.

ಕಾಪುವಿನ ಅಣ್ಣನಿಗೆ ಥ್ರೀಸ್ ಹಾಕಿಕೊಟ್ಟೆ. ಎರಡು ದಿನ ಆಡಿ ಮೂರನೇ ದಿನ 2048ಕ್ಕೆ ಮರಳಿದರು. "ಒಳ್ಳೇದುಂಟು, ಆದರೆ ಇದಕ್ಕೆ ಯೋಚನೆ ಮಾಡ್ಬೇಕಲ್ಲ ಮಾರಾಯ. ಅದನ್ನು ಆಫೀಸಲ್ಲಿ ಮಾಡಿದರೆ ಸಾಲದಾ?"

ಅವರ ಮಾತನ್ನು ತಳ್ಳಿಹಾಕಲಾಗಲಿಲ್ಲ. ಈಗ ನನ್ನದೂ ಒಂದು ಒಪ್ಪಂದ. ಬೆಳಿಗ್ಗೆ ನೇತಾಡುತ್ತ 2048, ಸಂಜೆ ಕಿಟಕಿ ಪಕ್ಕ ಸೀಟು ಸಿಕ್ಕರೆ ಥ್ರೀಸ್. ಮೂವರ ಬೆಂಚಿನಲ್ಲಿ ಫೋರ್ತ್ ಸೀಟು ಮಾತ್ರ ಸಿಕ್ಕ ದಿನ ಮೊಬೈಲು ಜೇಬಲ್ಲೇ. ಅರ್ಧ ಅಂಡು ಊರಿ ಕೂತವನಿಗೆ ಬೀಳದಿರುವುದೇ ಆಟ.