43 ಇಂಚಿನ ಟಿವಿ: ಮೂರು ಮನೆಗಳಲ್ಲಿ ನೋಡಿ ಹೋಲಿಸಿದ್ದು

ತುಮಕೂರಿನ ಎಂ.ಜಿ. ರಸ್ತೆಯಲ್ಲೋ ಬಿ.ಎಚ್. ರಸ್ತೆಯಲ್ಲೋ ಟಿವಿ ಅಂಗಡಿಗೆ ಹೋಗಿ ನಿಂತರೆ ಎಲ್ಲ ಟಿವಿಗಳೂ ಚೆನ್ನಾಗೇ ಕಾಣುತ್ತವೆ. ಅಲ್ಲಿ ಓಡುವುದು ಕಂಪನಿಯವರೇ ಕೊಟ್ಟ 4ಕೆ ವಿಡಿಯೊ. ಹೂವು, ಬಣ್ಣದ ಮೀನು, ಯಾವುದೋ ದೇಶದ ಹಿಮದ ಬೆಟ್ಟ. ಸೆಟ್ಟಿಂಗ್ ಕೂಡ ಅಂಗಡಿಗೆಂದೇ ಇರುವ ಡೆಮೊ ಮೋಡ್. ಬೆಳಕು, ಬಣ್ಣ ಎರಡನ್ನೂ ಪೂರ್ತಿ ಏರಿಸಿರುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಓಡುವುದು ಸಂಜೆಯ ಸೀರಿಯಲ್, ನ್ಯೂಸ್, ಕ್ರಿಕೆಟ್, ಭಾನುವಾರ ಒಂದು ಸಿನಿಮಾ. ಅದಕ್ಕೇ ಟಿವಿಯನ್ನು ಮನೆಯಲ್ಲಿ ಓಡುವಾಗ ನೋಡಿಯೇ ಅಳೆಯಬೇಕು ಅನ್ನುತ್ತೇನೆ.

ನನಗೆ ಅದಕ್ಕೆ ಒಳ್ಳೆಯ ಅನುಕೂಲವಿತ್ತು. ನಮ್ಮವರ ಮೂರು ಮನೆಗಳಲ್ಲಿ ಮೂರು ಬಗೆಯ ಟಿವಿಗಳಿವೆ. ಎಸ್.ಎಸ್. ಪುರಂನ ನಮ್ಮ ಮನೆಯಲ್ಲಿರುವುದು ಹಳೆಯ ದೊಡ್ಡ ಕಂಪನಿಯ 43 ಇಂಚಿನ 4ಕೆ ಟಿವಿ. ಪ್ಯಾನೆಲ್ (ಚಿತ್ರ ಮೂಡುವ ಪರದೆ) ಐಪಿಎಸ್ ಅನ್ನುವ ಬಗೆಯದು, ಕಂಪನಿಯದ್ದೇ ಸಾಫ್ಟ್‌ವೇರ್. ಬಟವಾಡಿಯ ಅಕ್ಕನ ಮನೆಯಲ್ಲಿರುವುದೂ 43 ಇಂಚಿನದೇ, ಆದರೆ ಆನ್‌ಲೈನ್‌ನಲ್ಲಿ ತರಿಸಿದ್ದು. ಕ್ಯೂಎಲ್‌ಇಡಿ ಅಂತ ಹೆಸರು, ವಿಎ ಅನ್ನುವ ಇನ್ನೊಂದು ಬಗೆಯ ಪ್ಯಾನೆಲ್, ಗೂಗಲ್ ಟಿವಿ ಸಾಫ್ಟ್‌ವೇರ್. ನಮ್ಮದಕ್ಕಿಂತ ಸುಮಾರು ಎಂಟು ಸಾವಿರ ಕಡಿಮೆಗೆ ಬಂತು. ಗುಬ್ಬಿ ಕಡೆಯ ಊರಿನಲ್ಲಿ ಅಪ್ಪ ಅಮ್ಮನ ಹತ್ತಿರ ಇರುವುದು 32 ಇಂಚಿನ ಎಚ್‌ಡಿ ರೆಡಿ ಟಿವಿ, ಫ್ರೀ ಡಿಶ್ ಸಂಪರ್ಕ.

ಒಂದೇ ಪೆನ್‌ಡ್ರೈವ್ ಹಿಡಿದು ಮೂರು ಕಡೆಯೂ ಹಾಕಿ ನೋಡಿದೆ. ಅದರಲ್ಲಿ ಮಗಳ ಸ್ಕೂಲ್ ಡೇ ವಿಡಿಯೊ ಇತ್ತು, ಸಿದ್ಧಗಂಗೆ ಜಾತ್ರೆಯಲ್ಲಿ ರಾತ್ರಿ ಹೊತ್ತು ತೆಗೆದದ್ದೂ ಇತ್ತು. ರಾತ್ರಿಯ ವಿಡಿಯೊ ಟಿವಿಯ ಗುಣವನ್ನು ಬೇಗ ಹೇಳಿಬಿಡುತ್ತದೆ. ಸುತ್ತ ಕತ್ತಲು, ನಡುವೆ ದೀಪದ ಸಾಲು, ಜನರ ಮುಖ. ಇದಲ್ಲದೆ ಸೀರಿಯಲ್, ಕ್ರಿಕೆಟ್ ಎರಡನ್ನೂ ಆಯಾ ಮನೆಯ ಸಂಪರ್ಕದಲ್ಲೇ ನೋಡಿದೆ.

ಕಂಪನಿಗಳ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಒಂದೇ ಕಂಪನಿ ಒಂದು ಮಾಡೆಲ್‌ಗೆ ಐಪಿಎಸ್ ಹಾಕುತ್ತದೆ, ಇನ್ನೊಂದಕ್ಕೆ ವಿಎ ಹಾಕುತ್ತದೆ. ಹೆಸರು ನಂಬಿ ಕೊಂಡರೆ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಒಳಗಿನ ಪ್ಯಾನೆಲ್ ಯಾವುದು ಅನ್ನುವುದೇ ಮುಖ್ಯ.

ಮೊದಲು ರಾತ್ರಿಯ ಚಿತ್ರ. ಇದರಲ್ಲಿ ಅಕ್ಕನ ಟಿವಿ ನಮ್ಮದನ್ನು ಸಲೀಸಾಗಿ ಸೋಲಿಸಿತು. ಎಲ್‌ಇಡಿ ಟಿವಿಯಲ್ಲಿ ಪರದೆಯ ಹಿಂದೆ ದೀಪಗಳಿರುತ್ತವೆ. ಕಪ್ಪು ತೋರಿಸಬೇಕಾದಾಗ ಪ್ಯಾನೆಲ್ ಆ ಬೆಳಕನ್ನು ತಡೆಯಬೇಕು. ವಿಎ ಪ್ಯಾನೆಲ್ ಚೆನ್ನಾಗಿ ತಡೆಯುತ್ತದೆ. ಐಪಿಎಸ್‌ನಲ್ಲಿ ಸ್ವಲ್ಪ ಸೋರುತ್ತದೆ. ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ) ಸುಮಾರು 1000ಕ್ಕೆ 1 ಇದ್ದರೆ ವಿಎನಲ್ಲಿ 3000ದಿಂದ 5000ದವರೆಗೆ ಇರುತ್ತದೆ. ಜಾತ್ರೆಯ ವಿಡಿಯೊದಲ್ಲಿ ಅಕ್ಕನ ಟಿವಿಯ ಆಕಾಶ ಕಪ್ಪಗೇ ಇತ್ತು. ನಮ್ಮ ಟಿವಿಯಲ್ಲಿ ಅದೇ ಆಕಾಶ ಬೂದು ಬಣ್ಣಕ್ಕೆ ತಿರುಗಿತ್ತು. ಲೈಟ್ ಆರಿಸಿ ಸಿನಿಮಾ ನೋಡುವ ಮನೆಗೆ ಇದು ದೊಡ್ಡ ವ್ಯತ್ಯಾಸ.

ಕ್ಯೂಎಲ್‌ಇಡಿ ಅನ್ನುವ ಹೆಸರಿನ ಬಗ್ಗೆ ಒಂದು ಮಾತು. ಇದೂ ಎಲ್‌ಇಡಿ ಟಿವಿಯೇ. ಹಿಂದಿನ ದೀಪಕ್ಕೂ ಮುಂದಿನ ಪರದೆಗೂ ನಡುವೆ ಕ್ವಾಂಟಮ್ ಡಾಟ್ ಎಂಬ ಸಣ್ಣ ಕಣಗಳ ಹಾಳೆಯೊಂದನ್ನು ಸೇರಿಸಿರುತ್ತಾರೆ. ಇದರಿಂದ ಕೆಂಪು, ಹಸಿರು ಹೆಚ್ಚು ಗಾಢವಾಗುತ್ತವೆ. ಸ್ಕೂಲ್ ಡೇ ವಿಡಿಯೊದಲ್ಲಿ ಮಕ್ಕಳ ರೇಷ್ಮೆ ಲಂಗದ ಬಣ್ಣ ಅಕ್ಕನ ಟಿವಿಯಲ್ಲಿ ನಿಜಕ್ಕೂ ಚೆಂದ ಕಂಡಿತು. ಆದರೆ ಕಪ್ಪು ಚೆನ್ನಾಗಿ ಬಂದದ್ದು ವಿಎ ಪ್ಯಾನೆಲ್‌ನಿಂದ, ಆ ಹಾಳೆಯಿಂದಲ್ಲ. ಓಎಲ್‌ಇಡಿ ಬೇರೆಯೇ ತಂತ್ರ. ಅದರಲ್ಲಿ ಹಿಂದೆ ದೀಪವೇ ಇಲ್ಲ, ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಬೆಲೆ ನಮ್ಮ ಲೆಕ್ಕದಿಂದ ತುಂಬಾ ಮೇಲಿದೆ, ಹಾಗಾಗಿ ಬಿಟ್ಟಿದ್ದೇನೆ.

ಇನ್ನು ಪಕ್ಕದಿಂದ ನೋಡುವ ವಿಷಯ. ಇಲ್ಲಿ ಲೆಕ್ಕ ಪೂರ್ತಿ ತಿರುಗುತ್ತದೆ. ನಮ್ಮ ಹಾಲ್ ಉದ್ದಕ್ಕಿದೆ. ಸೋಫಾ ಒಂದು ಗೋಡೆಗೆ, ದಿವಾನ್ ಇನ್ನೊಂದು ಗೋಡೆಗೆ. ಹಬ್ಬಕ್ಕೆ ಎಲ್ಲರೂ ಸೇರಿದರೆ ಅರ್ಧ ಜನ ಓರೆಯಾಗಿ ಕೂತೇ ನೋಡಬೇಕು. ಐಪಿಎಸ್‌ನಲ್ಲಿ ಎಲ್ಲಿ ಕೂತರೂ ಬಣ್ಣ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅಕ್ಕನ ಮನೆಯಲ್ಲಿ ದಸರಾ ಜಂಬೂಸವಾರಿಯನ್ನು ಚಂದನದಲ್ಲಿ ನೋಡುತ್ತಿದ್ದಾಗ ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. "ಏನೇ ಇದು, ಅಂಬಾರಿ ಎಲ್ಲಾ ಬಿಳಚಿಕೊಂಡ ಹಾಗೆ ಕಾಣುತ್ತಲ್ಲೇ" ಅಂತ ಅಕ್ಕನಿಗೆ ಹೇಳಿದರು. ಎದುರಿಗೆ ಕೂತ ನಮಗೆ ಬಂಗಾರದ ಬಣ್ಣ ಸರಿಯಾಗೇ ಕಾಣುತ್ತಿತ್ತು. ವಿಎ ಪ್ಯಾನೆಲ್‌ನ ಸ್ವಭಾವವೇ ಅದು. ಪಕ್ಕಕ್ಕೆ ಸರಿದಷ್ಟೂ ಬಣ್ಣ ತೆಳುವಾಗುತ್ತದೆ. ಅಂಗಡಿಯಲ್ಲಿ ಪ್ಯಾನೆಲ್ ಯಾವುದೆಂದು ಕೇಳಿದರೆ ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ನೀವೇ ಟಿವಿಯ ಪಕ್ಕಕ್ಕೆ ಹೋಗಿ ಓರೆಯಾಗಿ ನಿಂತು ನೋಡಿ. ಬಣ್ಣ ಬಿಳಚಿಕೊಂಡರೆ ವಿಎ, ಹಾಗೇ ಉಳಿದರೆ ಐಪಿಎಸ್ ಅಂದುಕೊಳ್ಳಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು: ಚಾನೆಲ್. ಸಾಮಾನ್ಯ ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳಿರುತ್ತವೆ. 4ಕೆ ಪರದೆಯಲ್ಲಿ 3840, 2160. ಗುಣಿಸಿ ನೋಡಿ. ನಾಲ್ಕು ಲಕ್ಷ ಚುಕ್ಕಿಯ ಚಿತ್ರವನ್ನು ಎಂಬತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಯ ಪರದೆಗೆ ಎಳೆಯಬೇಕು. ಒಂದು ಚುಕ್ಕಿಗೆ ಇಪ್ಪತ್ತು. ಉಳಿದ ಹತ್ತೊಂಬತ್ತನ್ನು ಟಿವಿ ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಈ ಊಹೆಯ ಕೆಲಸವನ್ನು ನಮ್ಮ ಟಿವಿ ಅಕ್ಕನದಕ್ಕಿಂತ ನಾಜೂಕಾಗಿ ಮಾಡುತ್ತದೆ. ಮುಖದ ಅಂಚು, ನ್ಯೂಸ್‌ನ ಕೆಳಗೆ ಓಡುವ ಅಕ್ಷರ, ಎರಡೂ ನಮ್ಮಲ್ಲಿ ನಯವಾಗಿದ್ದವು. ಅಕ್ಕನ ಟಿವಿಯಲ್ಲಿ ಅಕ್ಷರದ ಸುತ್ತ ಕಲಕಿದ ಹಾಗೆ ಕಂಡಿತು. ಹೆಚ್ಚು ಕೊಟ್ಟ ದುಡ್ಡಿನ ಒಂದು ಪಾಲು ಹೋಗಿರುವುದು ಇಲ್ಲಿಗೇ.

ಆದರೆ ಬಾವ ಎಚ್‌ಡಿ ಪ್ಯಾಕ್ ಹಾಕಿಸಿದ ಮೇಲೆ ಈ ವ್ಯತ್ಯಾಸ ಬಹುಪಾಲು ಮಾಯವಾಯಿತು. ಜೀ ಕನ್ನಡ, ಕಲರ್ಸ್ ಕನ್ನಡ ಎರಡಕ್ಕೂ ಎಚ್‌ಡಿ ಚಾನೆಲ್ ಇದೆ. ಅದೇ ಸೀರಿಯಲ್, ಅದೇ ಟಿವಿ, ಚಿತ್ರ ಮಾತ್ರ ಬೇರೆಯೇ. ಹೊಸ ಟಿವಿಗೆ ಹಳೆಯ ಎಸ್‌ಡಿ ಬಾಕ್ಸ್ ಹಾಕಿ, ಕೆಂಪು ಹಳದಿ ಬಿಳಿ ವೈರ್‌ನಲ್ಲೇ ನೋಡುತ್ತಿರುವ ಮನೆಗಳು ನಮ್ಮ ಬೀದಿಯಲ್ಲೇ ಬೇಕಾದಷ್ಟಿವೆ. ಮೂವತ್ತು ಸಾವಿರ ಕೊಟ್ಟು ತಂದ ಟಿವಿಯಲ್ಲಿ ಹೀಗೆ ನೋಡುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಎಚ್‌ಡಿ ಬಾಕ್ಸ್ ಕೇಳಿ ಹಾಕಿಸಿ, ಎಚ್‌ಡಿಎಂಐ ಕೇಬಲ್‌ನಲ್ಲೇ ಸೇರಿಸಿ. ಟಿವಿಗೆ ಇನ್ನೂ ಐದು ಸಾವಿರ ಸುರಿಯುವುದಕ್ಕಿಂತ ಇದರಿಂದ ಆಗುವ ಲಾಭ ಜಾಸ್ತಿ.

4ಕೆ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಕಣ್ಣಿನ ಲೆಕ್ಕ ಹಾಕಿದರೆ 43 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಗೂ (4ಕೆಯ ಕಾಲು ಭಾಗ ಚುಕ್ಕಿ) 4ಕೆಗೂ ವ್ಯತ್ಯಾಸ ಕಾಣಬೇಕಾದರೆ ಸುಮಾರು ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. ನಾವು ಕೂರುವುದು ಎಂಟು ಅಡಿಯ ಮೇಲೆ. ಆದರೂ 43 ಇಂಚಿನಲ್ಲಿ 4ಕೆಯನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಈಗ ಈ ಅಳತೆಯಲ್ಲಿ ಒಳ್ಳೆಯ ಪ್ಯಾನೆಲ್, ಒಳ್ಳೆಯ ಪ್ರೊಸೆಸರ್ ಹೆಚ್ಚಾಗಿ ಬರುವುದು 4ಕೆ ಮಾಡೆಲ್‌ಗಳಲ್ಲೇ. ಎಚ್‌ಡಿಆರ್ (ಬೆಳಕು ನೆರಳಿನ ಅಂತರವನ್ನು ಹೆಚ್ಚು ಎತ್ತಿ ತೋರಿಸುವ ತಂತ್ರ) ಅನ್ನುವ ಸ್ಟಿಕ್ಕರ್‌ಗೆ ಮಾತ್ರ ದುಡ್ಡು ಕೊಡಬೇಡಿ. ಅದು ಚೆನ್ನಾಗಿ ಕಾಣಲು ಪರದೆಗೆ ತುಂಬಾ ಬೆಳಕು ಬೇಕು. ಈ ಬೆಲೆಯ ಟಿವಿಗಳಿಗೆ ಅಷ್ಟು ಶಕ್ತಿ ಇಲ್ಲ.

ಊರಿನ 32 ಇಂಚಿನ ಟಿವಿಯನ್ನು ನಾನು ಕಡೆಗಣಿಸುವುದಿಲ್ಲ. ಸಾಮಾನ್ಯ ಎಸ್‌ಡಿ ಚಾನೆಲ್‌ಗಳು ಮೂರರಲ್ಲಿ ಅಚ್ಚುಕಟ್ಟಾಗಿ ಕಂಡದ್ದು ಅದರಲ್ಲೇ. ಪರದೆ ಚಿಕ್ಕದು, ಚುಕ್ಕಿ ಕಡಿಮೆ, ಆದ್ದರಿಂದ ಚಿತ್ರವನ್ನು ಅಷ್ಟು ಹಿಗ್ಗಿಸಬೇಕಾಗಿಲ್ಲ. ಅಪ್ಪ ಕೂರುವುದು ಆರೇಳು ಅಡಿ ದೂರದಲ್ಲಿ. ಆ ಕೋಣೆಗೆ ಅದು ಸಾಕು. ರಿಮೋಟ್‌ನಲ್ಲಿ ನಂಬರ್ ಬಟನ್‌ಗಳಿವೆ, ಅಪ್ಪನಿಗೆ ಅದೇ ಬೇಕು. ಸ್ಮಾರ್ಟ್ ಟಿವಿಗಳ ಪುಟ್ಟ ರಿಮೋಟ್ ಹಿಡಿದು ವಯಸ್ಸಾದವರು ಒದ್ದಾಡುವುದನ್ನು ನೋಡಿದ್ದೇನೆ. ಅಪ್ಪ ಅಮ್ಮನಿಗೆ ಟಿವಿ ಕೊಡಿಸುವವರು ರಿಮೋಟನ್ನು ಅವರ ಕೈಗೇ ಕೊಟ್ಟು ನೋಡಿ.

ಕ್ರಿಕೆಟ್‌ಗೆ ನಮ್ಮದು ಸ್ವಲ್ಪ ಮುಂದು. ವಿಎ ಪ್ಯಾನೆಲ್‌ನಲ್ಲಿ ಕಪ್ಪಿನಿಂದ ಬೇರೆ ಬಣ್ಣಕ್ಕೆ ಬದಲಾಗುವ ವೇಗ ಕಡಿಮೆ. ಗಾಢ ಬಣ್ಣದ ಜೆರ್ಸಿಯವರು ಓಡುವಾಗ ಹಿಂದೆ ತೆಳು ನೆರಳು ಎಳೆದ ಹಾಗೆ ಕಾಣುತ್ತದೆ. ಗಮನ ಇಟ್ಟು ನೋಡಿದರೆ ಮಾತ್ರ. ಬಾವನಿಗೆ ಅದು ಕಾಣುವುದೇ ಇಲ್ಲ.

ಸಾಫ್ಟ್‌ವೇರ್ ವಿಷಯದಲ್ಲಿ ಅಕ್ಕನ ಟಿವಿಗೆ ಆ್ಯಪ್‌ಗಳು ಹೆಚ್ಚು. ಮೊಬೈಲ್‌ನಿಂದ ನೇರ ಕಳಿಸುವುದೂ ಸುಲಭ. ಮೊದಲ ತಿಂಗಳುಗಳಲ್ಲಿ ಚುರುಕಾಗೇ ಇತ್ತು. ಆಮೇಲೆ ಮಂದವಾಯಿತು. ಬಟನ್ ಒತ್ತಿ ಕಾಯಬೇಕು. ಅದರ ಸ್ಟೋರೇಜ್ 8 ಜಿಬಿ. ಸಾಫ್ಟ್‌ವೇರ್‌ಗೇ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಬೇಡದ ಆ್ಯಪ್‌ಗಳನ್ನು ತೆಗೆದ ಮೇಲೆ ಪರವಾಗಿಲ್ಲ ಅನ್ನುವಂತಾಯಿತು. ಗೂಗಲ್ ಟಿವಿ ಕೊಳ್ಳುವುದಾದರೆ 2 ಜಿಬಿ ರ್‍ಯಾಮ್, 16 ಜಿಬಿ ಸ್ಟೋರೇಜ್ ಇರುವುದನ್ನೇ ಕೇಳಿ. ನಮ್ಮ ಟಿವಿಯಲ್ಲಿ ಆ್ಯಪ್ ಕಡಿಮೆ, ಆದರೆ ತಂದ ದಿನ ಹೇಗಿತ್ತೋ ಈಗಲೂ ಹಾಗೇ ಓಡುತ್ತದೆ.

ಸದ್ದು ಎರಡರಲ್ಲೂ ಸಪ್ಪೆ. ತೆಳು ಟಿವಿಗಳಲ್ಲಿ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಡೈಲಾಗ್ ಕೇಳುವುದಿಲ್ಲ. ಅಕ್ಕ ಉಳಿದ ದುಡ್ಡಿನಲ್ಲಿ ಒಂದು ಸೌಂಡ್‌ಬಾರ್ ತಂದಳು. ಟಿವಿಯ ಹಿಂದೆ ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಜಾಗಕ್ಕೆ ಅದನ್ನು ಸೇರಿಸಿದರೆ ಒಂದೇ ರಿಮೋಟ್‌ನಲ್ಲಿ ಎರಡೂ ನಡೆಯುತ್ತವೆ. ಟಿವಿ ಮತ್ತು ಸೌಂಡ್‌ಬಾರ್ ಸೇರಿದರೂ ನಮ್ಮ ಟಿವಿಯ ಬೆಲೆಯನ್ನು ಮೀರಲಿಲ್ಲ. ಅವರ ಮನೆಯಲ್ಲಿ ಸಿನಿಮಾ ನೋಡುವ ಖುಷಿಯೇ ಬೇರೆ, ಇದನ್ನು ಒಪ್ಪಲೇಬೇಕು.

ಸರ್ವಿಸ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಅಕ್ಕನ ಟಿವಿಯ ವೈಫೈ ಕೆಟ್ಟಾಗ ಕಂಪನಿಯವರು ಬೆಂಗಳೂರಿನಿಂದ ಜನ ಬರಬೇಕು ಅಂದರು. ಎಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ಜಿಲ್ಲಾ ಕೇಂದ್ರಕ್ಕೆ ಬರಲು ವಾರಗಟ್ಟಲೆ ಕಾಯಿಸಿದರು. ಮಾರುವಾಗ ಒಂದೇ ದಿನದಲ್ಲಿ ಮನೆಗೆ ತಲುಪಿಸಿದವರು ಇವರೇ ಅಲ್ವಾ? ಕೊಳ್ಳುವ ಮೊದಲು ನಿಮ್ಮ ಪಿನ್‌ಕೋಡ್ ಹಾಕಿ ಸರ್ವಿಸ್ ಎಲ್ಲಿದೆ ಅಂತ ನೋಡಿ. ತಿಪಟೂರು, ಪಾವಗಡ ಕಡೆಯವರಿಗೆ ಇದು ಇನ್ನೂ ಮುಖ್ಯ. ಪರದೆ ಒಡೆದರೆ ವಾರಂಟಿಗೆ ಬರುವುದಿಲ್ಲ, ಹೊಸ ಪ್ಯಾನೆಲ್‌ಗೆ ಹೊಸ ಟಿವಿಯಷ್ಟೇ ಆಗುತ್ತದೆ.

55 ಇಂಚಿನದನ್ನು ಗೆಳೆಯರ ಮನೆಯಲ್ಲಿ ನೋಡಿದ್ದೇನೆ. ಎಚ್‌ಡಿ ಮ್ಯಾಚ್‌ಗೆ ಭವ್ಯವಾಗಿದೆ, ಎಸ್‌ಡಿ ಸೀರಿಯಲ್‌ಗೆ ಕಣ್ಣಿಗೆ ಹಿಂಸೆ. ಹತ್ತು ಅಡಿಯ ಹಾಲ್ ಇದ್ದು, ಇಂಟರ್ನೆಟ್‌ನಲ್ಲೇ ನೋಡುವವರಾದರೆ ಸರಿ.

ಬೆಲೆಯ ವಿಷಯ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28 ಪರ್ಸೆಂಟ್‌ನಿಂದ 18ಕ್ಕೆ ಇಳಿದಿದೆ. ಮೊದಲು ತೆರಿಗೆ ಸೇರಿ 32,000 ಇದ್ದ ಟಿವಿ ಈಗ 29,500ಕ್ಕೆ ಬರಬೇಕು. ಹಳೆಯ ಬೆಲೆಯನ್ನೇ ಹೇಳಿ ಅದರ ಮೇಲೆ ಡಿಸ್ಕೌಂಟ್ ಕೊಟ್ಟೆವು ಅಂದರೆ ಬಿಲ್‌ನಲ್ಲಿ ತೆರಿಗೆಯ ಸಾಲನ್ನು ನೋಡಿ ಕೇಳಿ. 32 ಇಂಚಿನವರೆಗಿನ ಟಿವಿಗಳಿಗೆ ಅದಕ್ಕೂ ಮೊದಲೇ 18 ಪರ್ಸೆಂಟ್ ಇತ್ತು, ಅವುಗಳ ಬೆಲೆ ಇದರಿಂದ ಇಳಿಯಲಿಲ್ಲ.

ನನ್ನ ತೀರ್ಮಾನ ಹೀಗಿದೆ. ಮನೆ ತುಂಬ ಜನ, ಸುತ್ತ ಕೂತು ನೋಡುವವರು, ಸಂಜೆಯಿಡೀ ಸಾಮಾನ್ಯ ಚಾನೆಲ್ ಓಡುವ ಮನೆಗೆ ನಮ್ಮಂಥ ಐಪಿಎಸ್ ಟಿವಿ. ಇಬ್ಬರು ಮೂವರು ಎದುರಿಗೇ ಕೂತು ರಾತ್ರಿ ಸಿನಿಮಾ, ವೆಬ್ ಸೀರೀಸ್ ನೋಡುವ ಮನೆಗೆ ಅಕ್ಕನಂಥ ವಿಎ ಟಿವಿ, ಜೊತೆಗೆ ಸೌಂಡ್‌ಬಾರ್. ಎರಡರಲ್ಲಿ ನನಗೆ ಒಂದನ್ನೇ ಆರಿಸು ಅಂದರೆ ಈಗಲೂ ಐಪಿಎಸ್. ದಿವಾನ್ ಮೇಲೆ ಕೂತ ಅಮ್ಮನಿಗೂ ಅಂಬಾರಿ ಬಂಗಾರದ ಬಣ್ಣದಲ್ಲೇ ಕಾಣಬೇಕು.

ಟಿವಿ ಮನೆಗೆ ಬಂದ ದಿನ ಎರಡು ಕೆಲಸ ಮಾಡಿ. ಪಿಕ್ಚರ್ ಮೋಡ್ ವಿವಿಡ್ ಅಂತ ಇದ್ದರೆ ಸಿನಿಮಾ ಅಥವಾ ಸ್ಟ್ಯಾಂಡರ್ಡ್‌ಗೆ ಬದಲಿಸಿ, ಮುಖಗಳು ಮುಖದ ಬಣ್ಣಕ್ಕೆ ಬರುತ್ತವೆ. ಆಮೇಲೆ ಒಂದು ಕ್ರಿಕೆಟ್ ಮ್ಯಾಚ್ ಹಾಕಿ. ಕ್ಯಾಮೆರಾ ಹಸಿರು ಮೈದಾನದ ಮೇಲೆ ಸರಿಯುವಾಗ ಪರದೆಯಲ್ಲಿ ಮಾಸಲು ಪಟ್ಟೆ, ಮಚ್ಚೆ ನಿಂತ ಹಾಗೆ ಕಾಣುತ್ತದಾ ನೋಡಿ. ಕಂಡರೆ ಅಂದೇ ವಿಡಿಯೊ ತೆಗೆದು, ಬಿಲ್ ಜೊತೆ ಅಂಗಡಿಗೆ ತಿಳಿಸಿ. ಬದಲಿ ಕೊಡುವ ಗಡುವು ಎಷ್ಟು ದಿನ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ಕೇಳಿ ಬಿಲ್ ಮೇಲೆ ಬರೆಸಿಕೊಂಡಿರಿ.