ಅಳತೆಗೆ ಹೊಲಿಸಿದ ಸೈಟಿಗೆ ಯಾವ ಸಿಎಂಎಸ್? ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ, ಗ್ರಾವ್ ಮತ್ತು ನನ್ನ ಆಯ್ಕೆಯ ಪ್ರೊಸೆಸ್‌ವೈರ್

ಸಿಎಂಎಸ್ ಎಂದರೆ ಕೋಡ್ ಮುಟ್ಟದೆ ಸೈಟಿಗೆ ಮಾಹಿತಿ ತುಂಬಲು ಬಿಡುವ ತಂತ್ರಾಂಶ; ಥೀಮ್ ಅದಕ್ಕೆ ತೊಡಿಸುವ ಸಿದ್ಧ ಉಡುಪು. ಡಿಸೈನರ್ ಪ್ರತಿ ಪುಟವನ್ನೂ ಫಿಗ್ಮಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಪಿಕ್ಸೆಲ್ ಲೆಕ್ಕದಲ್ಲಿ ಬರೆದುಕೊಟ್ಟ ಮೇಲೆ ರೆಡಿಮೇಡ್ ಥೀಮ್ ಕೊಳ್ಳುವುದು ಎಂದರೆ, ದರ್ಜಿಗೆ ಅಳತೆ ಕೊಟ್ಟು ಬಂದು ಸಂತೆಯಲ್ಲಿ ಅಂಗಿ ಕೊಂಡು ಆಲ್ಟರ್ ಮಾಡಿಸಿದ ಹಾಗೆ. ‘ಮಲ್ಟಿಪರ್ಪಸ್’ ಥೀಮಿಗೂ ಅದರ ಜೊತೆಗಿನ ಪೇಜ್ ಬಿಲ್ಡರಿಗೂ ದುಡ್ಡು ಸುರಿದು, ಆಮೇಲೆ ಆ ಥೀಮಿನ ಸಿಎಸ್ಎಸ್ (ಬಣ್ಣ, ಅಳತೆಗಳ ಸೂಚನೆ) ಅನ್ನು ಹೊಡೆದುಹಾಕಲೆಂದೇ ಸಾವಿರಾರು ಸಾಲು ಸಿಎಸ್ಎಸ್ ಬರೆದು, ಸಾಲುಸಾಲಿಗೂ ‘ಇಂಪಾರ್ಟೆಂಟ್’ ಅಂಟಿಸುವ ಕೆಲಸ ಅದು. ಆರು ತಿಂಗಳಿಗೆ ಥೀಮ್ ಅಪ್‌ಡೇಟ್ ಬರುತ್ತದೆ, ಹೆಡರ್ ಎರಡು ಸಾಲಾಗಿ ಮುರಿದು ಬೀಳುತ್ತದೆ. ಥೀಮಿನ ಮಾತು ಇಲ್ಲಿಗೆ ಸಾಕು.

ಹೋಲಿಕೆಗೆ ಇಟ್ಟುಕೊಂಡಿದ್ದು ಒಂದೇ ಮಾದರಿ ಸೈಟು: ಕನ್ನಡ ಪುಸ್ತಕ ಪ್ರಕಾಶನದ್ದು. ಸುಮಾರು 300 ಪುಸ್ತಕ, 80 ಲೇಖಕರು, ಮಾಲಿಕೆಗಳು, ಬಿಡುಗಡೆ ಕಾರ್ಯಕ್ರಮಗಳು. ಪುಸ್ತಕದ ಪುಟದಲ್ಲಿ ಲೇಖಕರ ಹೆಸರು ಒತ್ತಿದರೆ ಅವರ ಪುಟ. ಲೇಖಕರ ಪುಟದಲ್ಲಿ ಅವರ ಎಲ್ಲ ಪುಸ್ತಕ. ಹೋಸ್ಟಿಂಗ್ ಸಾಧಾರಣ ಶೇರ್ಡ್ (ಹಲವು ಸೈಟುಗಳಿಗೆ ಒಂದೇ ಸರ್ವರ್), ಪಿಎಚ್‌ಪಿ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್. ಮಾಹಿತಿ ತುಂಬುವವರು ಕಚೇರಿಯ ಇಬ್ಬರು. ಹೋಲಿಕೆ ಓಪನ್ ಸೋರ್ಸ್‌ನವುಗಳ ನಡುವೆ ಮಾತ್ರ, ಹಾಗಾಗಿ ಕರ್ಬಿ, ಕ್ರಾಫ್ಟ್ ಎಂಬ ಸಿಎಂಎಸ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅವುಗಳ ಕೋಡ್ ಎಲ್ಲರಿಗೂ ಕಾಣುತ್ತದೆ ನಿಜ, ಲೈಸೆನ್ಸ್ ಮಾತ್ರ ಓಪನ್ ಸೋರ್ಸ್ ಅಲ್ಲ.

ನನ್ನ ಓಟು ಪ್ರೊಸೆಸ್‌ವೈರ್‌ಗೆ. ಅದಕ್ಕೆ ಥೀಮ್ ಎಂಬ ಕಲ್ಪನೆಯೇ ಇಲ್ಲ. ಸೈಟ್ ಫೋಲ್ಡರಿನೊಳಗಿನ ಟೆಂಪ್ಲೇಟ್ಸ್ ಫೋಲ್ಡರಿನಲ್ಲಿ ನೀವು ಬರೆದ ಪಿಎಚ್‌ಪಿ ಫೈಲು ಏನನ್ನು ಉಗುಳುತ್ತದೋ ಬ್ರೌಸರಿಗೆ ಹೋಗುವುದು ಅಷ್ಟೇ. ಒಂದು ಹೆಚ್ಚುವರಿ ಡಿವ್ (ಪುಟದ ತುಂಡನ್ನು ಸುತ್ತುವ ಎಚ್‌ಟಿಎಂಎಲ್ ಪೆಟ್ಟಿಗೆ) ಇಲ್ಲ, ಕೇಳದೆ ಬರುವ ಸ್ಟೈಲ್‌ಶೀಟ್ ಇಲ್ಲ. ಕೈಯಲ್ಲೇ ಎಚ್‌ಟಿಎಂಎಲ್ ಬರೆಯುವ ಅಭ್ಯಾಸ ಇದ್ದವರಿಗೆ ಇದಕ್ಕಿಂತ ಬೇರೆ ಸುಖ ಬೇಡ.

ಕೆಲಸ ಸಾಗುವ ಕ್ರಮ ಹೀಗೆ. ಸೆಟಪ್ ಮೆನುವಿನಲ್ಲಿ ಮೊದಲು ಫೀಲ್ಡ್‌ಗಳು, ಅಂದರೆ ಮಾಹಿತಿಯ ಖಾನೆಗಳು: ಬೆಲೆ, ಪುಟಗಳು, ವರ್ಷ, ಐಎಸ್‌ಬಿಎನ್, ಮುಖಪುಟ, ಲೇಖಕ. ಲೇಖಕ ಫೀಲ್ಡಿಗೆ ಪೇಜ್ ರೆಫರೆನ್ಸ್ ಬಗೆ, ಅಂದರೆ ಇನ್ನೊಂದು ಪುಟವನ್ನು ತೋರುವ ಕೊಂಡಿ. ಆಮೇಲೆ ‘ಪುಸ್ತಕ’ ಟೆಂಪ್ಲೇಟ್ (ಆ ಬಗೆಯ ಪುಟದ ಅಚ್ಚು) ಮಾಡಿ ಈ ಫೀಲ್ಡ್‌ಗಳನ್ನು ಅದಕ್ಕೆ ಸೇರಿಸುವುದು. ಟೆಂಪ್ಲೇಟಿನ ಫ್ಯಾಮಿಲಿ ಟ್ಯಾಬಿನಲ್ಲಿ, ‘ಪುಸ್ತಕಗಳು’ ಪುಟದ ಕೆಳಗೆ ‘ಪುಸ್ತಕ’ ಮಾತ್ರ ಹುಟ್ಟಬಹುದು ಎಂದು ಕಟ್ಟುಹಾಕುವುದು. ಈ ಕೊನೆಯ ಹೆಜ್ಜೆ ಬಿಟ್ಟರೆ ಕಚೇರಿಯವರು ಕಾರ್ಯಕ್ರಮವನ್ನು ಪುಸ್ತಕಗಳ ಕೆಳಗೆ ಹಾಕಿಟ್ಟು, ‘ಹೋಂ ಪೇಜಿನಲ್ಲಿ ಕಾಣ್ತಾ ಇಲ್ಲ ಸರ್’ ಅಂತ ಫೋನ್ ಮಾಡುತ್ತಾರೆ.

ಲೇಖಕರ ಪುಟದಲ್ಲಿ ಅವರ ಪುಸ್ತಕ ತೋರಿಸಲು ಬೇಕಾದ್ದು ಒಂದೇ ಸೆಲೆಕ್ಟರ್, ಅಂದರೆ ಪುಟಗಳನ್ನು ಹುಡುಕುವ ಒಂದು ಸಾಲು: ಟೆಂಪ್ಲೇಟ್ ಪುಸ್ತಕ, ಲೇಖಕ ಈ ಪುಟ, ವರ್ಷ ಇಳಿಕೆ ಕ್ರಮ, ಒಂದು ಸಲಕ್ಕೆ ಮಿತಿ 12. ಪ್ರತಿ ಫೀಲ್ಡಿಗೂ ಡೇಟಾಬೇಸಿನಲ್ಲಿ ಅದರದ್ದೇ ಟೇಬಲ್ ಇರುವುದರಿಂದ ಈ ಹುಡುಕಾಟ ನೇರ.

ಇದನ್ನೇ ವರ್ಡ್‌ಪ್ರೆಸ್‌ನಲ್ಲಿ ಎಸಿಎಫ್ (ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್) ಎಂಬ ಪ್ಲಗಿನ್ನಿನ ರಿಲೇಶನ್‌ಶಿಪ್ ಫೀಲ್ಡ್ ಇಟ್ಟು ಮಾಡಿದರೆ, ಲೇಖಕರ ಐಡಿಗಳು ಪೋಸ್ಟ್‌ಮೆಟಾ ಟೇಬಲಿನಲ್ಲಿ ಸೀರಿಯಲೈಸ್ ಆದ (ಒಟ್ಟಿಗೆ ಹೆಣೆದ) ಒಂದು ಉದ್ದ ಸ್ಟ್ರಿಂಗ್ ಆಗಿ ಕೂರುತ್ತವೆ. ‘ಈ ಲೇಖಕರ ಪುಸ್ತಕ ಯಾವುವು’ ಎಂದು ತಿರುಗಿ ಕೇಳಲು ‘ಲೈಕ್’ ಎಂಬ ಡೇಟಾಬೇಸ್ ಹೋಲಿಕೆ ಹಾಕಿ ಹುಡುಕಬೇಕು, ಐಡಿಯ ಎರಡೂ ಬದಿಗೆ ಉದ್ಧರಣ ಚಿಹ್ನೆ ಸೇರಿಸಿ. ಚಿಹ್ನೆ ಮರೆತರೆ 12ನೇ ಐಡಿಯ ಲೇಖಕರ ಪುಟದಲ್ಲಿ 112 ಮತ್ತು 120ರವರ ಪುಸ್ತಕಗಳೂ ಬಂದು ಕೂರುತ್ತವೆ. ಪರೀಕ್ಷೆಗೆ ಹತ್ತು ಪುಸ್ತಕ ಹಾಕಿದಾಗ ಇದು ಕಾಣುವುದೇ ಇಲ್ಲ. ಐಡಿ ಮೂರಂಕಿ ಮುಟ್ಟಿದ ಮೇಲೆ ಬಯಲಾಗುತ್ತದೆ. ಮೇಲಾಗಿ ಒಂದೇ ಖಾನೆಗುಂಪನ್ನು ಎಷ್ಟು ಸಲವಾದರೂ ತುಂಬಿಸುವ ರಿಪೀಟರ್ ಫೀಲ್ಡ್ ಎಸಿಎಫ್‌ನ ಉಚಿತ ಆವೃತ್ತಿಯಲ್ಲಿ ಇಲ್ಲ. 2024ರ ಅಕ್ಟೋಬರ್‌ನಲ್ಲಿ ವರ್ಡ್‌ಪ್ರೆಸ್ ಡಾಟ್ ಆರ್ಗ್, ತನ್ನ ಪ್ಲಗಿನ್ ಕೋಶದಲ್ಲಿ ಎಸಿಎಫ್‌ನ ಜಾಗಕ್ಕೆ ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್ ಎಂಬ ತನ್ನ ಕವಲನ್ನು ಕೂರಿಸಿದ್ದು, ಡಿಸೆಂಬರ್‌ನಲ್ಲಿ ನ್ಯಾಯಾಲಯದ ಆದೇಶದ ಮೇಲೆ ಜಾಗ ಬಿಟ್ಟುಕೊಟ್ಟಿದ್ದು ಗೊತ್ತಿರುವ ಸಂಗತಿ. ಸೈಟಿನ ಬೆನ್ನೆಲುಬೇ ಒಂದು ಪ್ಲಗಿನ್ ಆದಾಗ ಇಂಥ ಜಗಳಗಳ ಬಿಸಿ ನಮ್ಮವರೆಗೂ ಬರುತ್ತದೆ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಗೆ ಮಾಡುವ ಗತಿ.

ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಸ್ಲಗ್, ಅಂದರೆ ವಿಳಾಸದ ಕೊನೆಯ ತುಂಡನ್ನು, ತಯಾರಿಸುತ್ತದೆ. ಸ್ಲಗ್ ಇಡುವ ಕಾಲಂನ ಅಗಲ 200 ಅಕ್ಷರ. ಇಂಗ್ಲಿಷಿಗೆ ಧಾರಾಳ. ಆದರೆ ಕನ್ನಡದ ಒಂದೊಂದು ಕೋಡ್‌ಪಾಯಿಂಟ್ (ಯೂನಿಕೋಡ್‌ನಲ್ಲಿ ಅಕ್ಷರಕ್ಕೋ ಚಿಹ್ನೆಗೋ ಇರುವ ಒಂದು ಸಂಖ್ಯೆ) ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ 3 ಬೈಟ್. ವಿಳಾಸಕ್ಕಾಗಿ ಶೇಕಡಾ ಚಿಹ್ನೆಯ ರೂಪಕ್ಕೆ ತಿರುಗಿದಾಗ ಪ್ರತಿ ಬೈಟಿಗೂ 3 ಅಕ್ಷರ. ಅಂದರೆ ಒಂದು ‘ಕ’ಗೆ 9. ಕೊಂಬು, ಏತ್ವ, ಹಲಂತ (್) ಚಿಹ್ನೆಗಳೂ ಒಂದೊಂದು ಕೋಡ್‌ಪಾಯಿಂಟೇ, ಅವಕ್ಕೂ ತಲಾ 9. ಹೀಗಾಗಿ 200ರಲ್ಲಿ ಹಿಡಿಸುವುದು ಹೆಚ್ಚೆಂದರೆ 22.

‘ಕನ್ನಡ ಪುಸ್ತಕ ಪ್ರಕಟಣೆಯ ಹೊಸ ದಾರಿಗಳು’ ಎಂಬ ಶೀರ್ಷಿಕೆ ಕೊಟ್ಟು ನೋಡಿ. ‘ಕನ್ನಡ’ಕ್ಕೆ 5, ‘ಪುಸ್ತಕ’ಕ್ಕೆ 6, ‘ಪ್ರಕಟಣೆಯ’ಕ್ಕೆ 8, ಒಟ್ಟು 19 ಕೋಡ್‌ಪಾಯಿಂಟ್, 171 ಅಕ್ಷರ. ನಡುವಿನ ಮೂರು ಗೆರೆ ಸೇರಿ 174. ‘ಹೊ’ ಸೇರಿದರೆ 192. ಇನ್ನು ‘ಸ’ ಬಂದರೆ 201, ಜಾಗವಿಲ್ಲ. ವಿಳಾಸ ‘ಕನ್ನಡ-ಪುಸ್ತಕ-ಪ್ರಕಟಣೆಯ-ಹೊ’ ಎಂದು ನಿಲ್ಲುತ್ತದೆ. ‘ಹೊಸ’ ಪದ ಅರ್ಧಕ್ಕೆ ಕತ್ತರಿಸಿತು, ‘ದಾರಿಗಳು’ ದಾರಿಯಲ್ಲೇ ಉಳಿಯಿತು. ಯಾವ ಎಚ್ಚರಿಕೆಯೂ ಬರುವುದಿಲ್ಲ.

ಮಾಲಿಕೆಯ ಪುಸ್ತಕಗಳಲ್ಲಿ ಪೀಕಲಾಟ ಇನ್ನೂ ಜೋರು. ಭಾಗ 1, ಭಾಗ 2, ಭಾಗ 3 ಎಂಬುದು ಶೀರ್ಷಿಕೆಯ ಕೊನೆಗೆ ಬರುವುದರಿಂದ, ಶೀರ್ಷಿಕೆ ಉದ್ದವಿದ್ದರೆ ಮೂರರ ಸ್ಲಗ್ಗೂ ಒಂದೇ. ವರ್ಡ್‌ಪ್ರೆಸ್ ಪ್ರಕಟವಾದ ಕ್ರಮದಲ್ಲಿ ಹಿಂದೆ 2, 3 ಎಂದು ಅಂಟಿಸುತ್ತದೆ. ಮೂರನೇ ಭಾಗವನ್ನು ಮೊದಲು ಹಾಕಿದಿರೋ, ಎರಡನೇ ಭಾಗದ ವಿಳಾಸಕ್ಕೆ 3 ಬಂದು ಕೂತಿರುತ್ತದೆ. ಇಂಥ ವಿಳಾಸವನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ಹಾಕಿದರೆ ಕಾಣುವುದು ನಾಲ್ಕೈದು ಸಾಲು ಶೇಕಡಾ ಚಿಹ್ನೆಗಳ ರಾಶಿ. ಆರ್ಡರ್ ಬರುವುದೇ ವಾಟ್ಸಾಪಿನಿಂದ ಎನ್ನುವ ಪ್ರಕಾಶನಕ್ಕೆ ಇದು ಸಣ್ಣ ವಿಷಯ ಅಲ್ಲ.

ಪರಿಹಾರ ಇದೆ. ಪಿಎಚ್‌ಪಿಯ ಇಂಟಲ್ ಎಕ್ಸ್‌ಟೆನ್ಶನ್ ಆನ್ ಮಾಡಿ, ಅದರ ಟ್ರಾನ್ಸ್‌ಲಿಟರೇಟರ್‌ನಿಂದ ಶೀರ್ಷಿಕೆಯನ್ನು ಲ್ಯಾಟಿನ್ ಲಿಪಿಗೆ, ಅಲ್ಲಿಂದ ಸಾದಾ ಆಸ್ಕಿಗೆ (ಬರೀ ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ) ತಿರುಗಿಸುವ ಫಂಕ್ಷನ್ ಬರೆಯಿರಿ. ಸ್ಲಗ್ ಸೋಸುವ ಸ್ಯಾನಿಟೈಸ್ ಟೈಟಲ್ ಫಿಲ್ಟರಿಗೆ ಅದನ್ನು 9ನೇ ಆದ್ಯತೆಯಲ್ಲಿ ಸಿಕ್ಕಿಸಿ, ಏಕೆಂದರೆ ಕೋರ್‌ನ (ಮೂಲ ತಂತ್ರಾಂಶದ) ಶೇಕಡಾ ಪರಿವರ್ತನೆ 10ರಲ್ಲಿ ಕೂತಿದೆ. ಬಹಳ ಮಂದಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಇದೇ ಫಿಲ್ಟರ್ ಪುಟ ಸೇವ್ ಆಗುವಾಗಲೂ ಓಡುತ್ತದೆ, ಓದುಗರು ಕೇಳಿದ ವಿಳಾಸವನ್ನು ಡೇಟಾಬೇಸಿನಲ್ಲಿ ಹುಡುಕುವಾಗಲೂ ಓಡುತ್ತದೆ. ಕಾಂಟೆಕ್ಸ್ಟ್ ‘ಸೇವ್’ ಆಗಿದ್ದರೆ ಮಾತ್ರ ಪರಿವರ್ತಿಸು ಎಂಬ ಷರತ್ತು ಹಾಕದಿದ್ದರೆ, ಹಳೆಯ ಕನ್ನಡ ಸ್ಲಗ್‌ನ ಪುಟಗಳೆಲ್ಲ ಒಂದೇ ಏಟಿಗೆ 404 (ಪುಟ ಸಿಗಲಿಲ್ಲ). ಆ ಪುಟಗಳು ಅಡ್ಮಿನ್‌ನಲ್ಲಿ ಸರಿಯಾಗೇ ಕಾಣುತ್ತವೆ, ಆದ್ದರಿಂದ ತಪ್ಪು ಎಲ್ಲಿ ಎಂದು ಹೊಳೆಯುವುದಿಲ್ಲ. ಜನ ಪರ್ಮಾಲಿಂಕ್ ಸೆಟ್ಟಿಂಗನ್ನು ಹತ್ತು ಸಲ ಸೇವ್ ಮಾಡುತ್ತ ಕೂರುತ್ತಾರೆ.

ಪರಿವರ್ತನೆ ನಮ್ಮ ರೂಢಿಯ ಇಂಗ್ಲಿಷ್ ಕಾಗುಣಿತವನ್ನೂ ಕೊಡುವುದಿಲ್ಲ. ಮೈಸೂರು ‘ಎಂವೈ’ ಎಂದು ಶುರುವಾಗದೆ ‘ಎಂಎಐ’ ಎಂದು ಶುರುವಾಗುತ್ತದೆ. ಊರು, ಲೇಖಕರ ಹೆಸರು ಇರುವಲ್ಲಿ ಕೈಯಾರೆ ತಿದ್ದುವುದು ತಪ್ಪಿದ್ದಲ್ಲ. ಪ್ರಕಟವಾದ ಪೋಸ್ಟಿನ ಸ್ಲಗ್ ತಿದ್ದಿದರೆ ಹಳೆಯ ವಿಳಾಸಕ್ಕೆ ಬಂದವರನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ಕಳಿಸುತ್ತದೆ; ಪೇಜ್‌ಗಳಿಗೆ ಈ ಏರ್ಪಾಡು ಇಲ್ಲ, ರೀಡೈರೆಕ್ಟ್ ನೀವೇ ಬರೆಯಬೇಕು.

ಪ್ರೊಸೆಸ್‌ವೈರ್ ಇಲ್ಲಿ ಬುದ್ಧಿವಂತಿಕೆ ತೋರಿಸುವುದೇ ಇಲ್ಲ, ಅದೇ ವಾಸಿ. ಕನ್ನಡ ಶೀರ್ಷಿಕೆ ಬರೆದರೆ ನೇಮ್ ಖಾನೆ (ಇಲ್ಲಿನ ಸ್ಲಗ್) ಖಾಲಿ ಉಳಿಯುತ್ತದೆ. ಕಚೇರಿಯವರು ಎರಡು ಮೂರು ಪದದ ಚಿಕ್ಕ ಹೆಸರನ್ನು ತಾವೇ ಕೊಡಬೇಕು. ಮೊದಲ ವಾರ ಗೊಣಗುತ್ತಾರೆ. ಆದರೆ 300 ವಿಳಾಸಗಳೂ ಓದುವಂತಿರುತ್ತವೆ. ಕನ್ನಡದಲ್ಲೇ ವಿಳಾಸ ಬೇಕೆಂದರೆ ಯುಟಿಎಫ್-8 ಹೆಸರುಗಳನ್ನು ಒಪ್ಪುವ ಸೆಟ್ಟಿಂಗ್ ಕಾನ್ಫಿಗ್ ಫೈಲಿನಲ್ಲಿ ಇದೆ. ಜೊತೆಗೆ ಒಪ್ಪಿಗೆಯ ಅಕ್ಷರಪಟ್ಟಿಗೆ ಕನ್ನಡದ ಅಕ್ಷರ, ಸ್ವರಚಿಹ್ನೆ ಎಲ್ಲವನ್ನೂ ಸೇರಿಸಬೇಕು, ಎಚ್‌ಟಿಆಕ್ಸೆಸ್ ಫೈಲಿನಲ್ಲೂ ಸಾಲು ಬದಲಿಸಬೇಕು. ನಾನಂತೂ ಅದರ ಗೋಜಿಗೆ ಹೋಗಬೇಡಿ ಎನ್ನುತ್ತೇನೆ.

ಜೂಮ್ಲಾದ ಚೇಷ್ಟೆ ಬೇರೆ ಬಗೆ. ಗ್ಲೋಬಲ್ ಕಾನ್ಫಿಗರೇಶನ್‌ನಲ್ಲಿ ಯೂನಿಕೋಡ್ ಏಲಿಯಾಸ್ (ಏಲಿಯಾಸ್ ಎಂದರೆ ಜೂಮ್ಲಾದ ಸ್ಲಗ್) ‘ನೋ’ ಇದ್ದಾಗ ಕನ್ನಡ ಶೀರ್ಷಿಕೆಯಿಂದ ಏನೂ ಉಳಿಯದೆ, ಆ ಹೊತ್ತಿನ ದಿನಾಂಕ ಮತ್ತು ಸಮಯವೇ ಏಲಿಯಾಸ್ ಆಗಿ ಬೀಳುತ್ತದೆ. ಪುಸ್ತಕದ ವಿಳಾಸ ನೋಡಿದರೆ ಬಸ್ ಟಿಕೆಟ್ಟಿನ ಹಾಗೆ ಕಾಣುತ್ತದೆ. ಅದು ಬಿಟ್ಟರೆ ಜೂಮ್ಲಾ ಬಗ್ಗೆ ದೂರೂ ಇಲ್ಲ, ಮೋಹವೂ ಇಲ್ಲ. ಕಸ್ಟಮ್ ಫೀಲ್ಡ್ 3.7ರಿಂದಲೇ ಕೋರ್‌ನಲ್ಲಿದೆ, ಓವರ್‌ರೈಡ್ ಫೋಲ್ಡರಿನಿಂದ ಮಾರ್ಕಪ್ ಬದಲಿಸಬಹುದು. ಎಲ್ಲವೂ ‘ಲೇಖನ’ ಎಂದೇ ನಂಬಿರುವ ವ್ಯವಸ್ಥೆಗೆ ‘ಪುಸ್ತಕ’ವನ್ನು ಒಪ್ಪಿಸುವುದರಲ್ಲಿ ಸುಸ್ತಾಗುತ್ತದೆ.

ಡ್ರೂಪಲ್ ಈ ಐದರಲ್ಲಿ ಅತ್ಯಂತ ಗಟ್ಟಿ, ಈ ಕೆಲಸಕ್ಕೆ ಮೂಗಿಗಿಂತ ಮೂಗುತಿ ಭಾರ. ಎಂಟಿಟಿ ರೆಫರೆನ್ಸ್ (ಪುಟಗಳನ್ನು ಜೋಡಿಸುವ ಫೀಲ್ಡ್), ವ್ಯೂಸ್ (ಪಟ್ಟಿ ಕಟ್ಟುವ ಸಾಧನ), ಮೀಡಿಯಾ ಲೈಬ್ರರಿ ಎಲ್ಲ ಕೋರ್‌ನಲ್ಲೇ ಇವೆ. ಲೇಖಕರ ಪುಟದ ಪಟ್ಟಿ ಒಂದು ಸಾಲು ಕೋಡಿಲ್ಲದೆ ಸಿದ್ಧ. ಆದರೆ ಅದು ಕೊಡುವ ಮಾರ್ಕಪ್‌ನಲ್ಲಿ ಡಿವ್‌ನೊಳಗೆ ಡಿವ್, ಈರುಳ್ಳಿ ಸುಲಿದ ಹಾಗೆ. ಡಿಸೈನಿಗೆ ತಕ್ಕಂತೆ ಟ್ವಿಗ್ ಎಂಬ ಟೆಂಪ್ಲೇಟ್ ಫೈಲಿನಲ್ಲಿ ಫೀಲ್ಡ್‌ಗಳನ್ನು ಬಿಡಿಬಿಡಿಯಾಗಿ ಎಳೆದು ಇಟ್ಟರೆ ಇನ್ನೊಂದು ಕಷ್ಟ: ಕಂಟೆಂಟ್ ವೇರಿಯಬಲ್ ಒಟ್ಟಾಗಿ ಎಲ್ಲೂ ರೆಂಡರ್ ಆಗದಿದ್ದರೆ ಜೋಡಿಸಿದ ಪುಟಗಳ ಕ್ಯಾಶ್ ಟ್ಯಾಗ್‌ಗಳು (ಏನು ಬದಲಾದರೆ ಉಳಿಸಿಟ್ಟ ಪ್ರತಿ ಹಳತಾಯಿತೆಂದು ಹೇಳುವ ಗುರುತುಗಳು) ಮೇಲಕ್ಕೆ ಹೋಗುವುದಿಲ್ಲ, ಲೇಖಕರ ಪುಟದಲ್ಲಿ ಹೆಸರು ತಿದ್ದಿದರೂ ಪುಸ್ತಕದ ಪುಟದಲ್ಲಿ ಹಳೆಯ ಹೆಸರು. ಕಂಟೆಂಟನ್ನು ಒಮ್ಮೆ ಒಟ್ಟಾಗಿ ರೆಂಡರ್ ಮಾಡಿ, ಬಂದದ್ದನ್ನು ಪುಟದಲ್ಲಿ ಮುದ್ರಿಸದೆ ಒಂದು ವೇರಿಯಬಲ್‌ನಲ್ಲಿ ಇಟ್ಟರೆ ಸರಿಹೋಗುತ್ತದೆ. ಅಪ್‌ಡೇಟ್ ಕಂಪೋಸರ್ ಎಂಬ ಪಿಎಚ್‌ಪಿ ಪ್ಯಾಕೇಜ್ ಸಾಧನದ ಮೂಲಕ. ಶೇರ್ಡ್ ಹೋಸ್ಟಿಂಗಿನಲ್ಲಿ ಮೆಮೊರಿ ಸಾಲದೆ ಅದು ಅರ್ಧಕ್ಕೆ ಸಾಯುವುದುಂಟು, ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಓಡಿಸಿ ವೆಂಡರ್ ಫೋಲ್ಡರ್ ಸಮೇತ ಮೇಲೇರಿಸಬೇಕು. ಡ್ರೂಪಲ್ 7ರಿಂದ 8ಕ್ಕೆ ಹೋಗುವುದೆಂದರೆ ಸೈಟನ್ನೇ ಮತ್ತೆ ಕಟ್ಟುವುದಾಗಿತ್ತು. ಹಾಗೆ ಕಟ್ಟದೆ ಉಳಿದವರಿಗೆ 2025ರ ಜನವರಿ 5ರಂದು 7ರ ಬೆಂಬಲವೂ ನಿಂತಿತು. ಹತ್ತಾರು ಸಂಪಾದಕರು, ಹಂತಹಂತದ ಅನುಮೋದನೆ, ನಾಲ್ಕು ಭಾಷೆ ಇರುವ ವಿಶ್ವವಿದ್ಯಾಲಯದಂಥ ಸೈಟಿಗಾದರೆ ಕಣ್ಣುಮುಚ್ಚಿ ಡ್ರೂಪಲ್.

ಗ್ರಾವ್‌ಗೆ ಡೇಟಾಬೇಸ್ ಇಲ್ಲ, ಫೋಲ್ಡರಿನ ಹೆಸರೇ ವಿಳಾಸ, ಬ್ಯಾಕಪ್ ಎಂದರೆ ಒಂದು ಜಿಪ್. ನೀವೊಬ್ಬರೇ ಬರೆಯುವ 20 ಪುಟದ ಸೈಟಿಗೆ ಚೊಕ್ಕ. ಪುಟದ ತಲೆಯಲ್ಲಿರುವ ಸೆಟ್ಟಿಂಗ್ ಸಾಲುಗಳಾದ ಯಾಮಲ್ ಹೆಡರಿನಲ್ಲಿ ಸ್ಪೇಸ್ ಬದಲು ಟ್ಯಾಬ್ ಒತ್ತಿದರೆ ಎರರ್. ಕಚೇರಿಯವರ ಕೈಗೆ ಕೊಡುವಂಥದ್ದಲ್ಲ.

ಪ್ರೊಸೆಸ್‌ವೈರ್‌ನಲ್ಲೂ ಎಡವುವ ಜಾಗ ಇದೆ. ಇಮೇಜ್ ಫೀಲ್ಡ್ ಮಾಡಿದಾಗ ಗರಿಷ್ಠ ಫೈಲುಗಳ ಸಂಖ್ಯೆ 1 ಎಂದು ಹಾಕದೆ ಬಿಟ್ಟರೆ ಸಿಗುವುದು ಒಂದು ಚಿತ್ರವಲ್ಲ, ಚಿತ್ರಗಳ ಪಟ್ಟಿ. ಅದರ ಯುಆರ್‌ಎಲ್ ಕೇಳಿದರೆ ಫೋಲ್ಡರಿನ ವಿಳಾಸ ಬರುತ್ತದೆ, ಪುಟದಲ್ಲಿ ಮುಖಪುಟದ ಜಾಗ ಖಾಲಿ, ಎರರ್ ಮಾತ್ರ ಇಲ್ಲ. 1 ಎಂದು ಹಾಕಿ, ಮುಖಪುಟವೇ ಇಲ್ಲದ ಹಳೆಯ ಪುಸ್ತಕ ತೆರೆದರೆ ನಲ್ (ಇಲ್ಲದ ಚಿತ್ರ) ಮೇಲೆ ಸೈಜ್ ಫಂಕ್ಷನ್ ಕರೆದ ತಪ್ಪಿಗೆ ಇಡೀ ಪುಟ ನಿಲ್ಲುತ್ತದೆ. ಚಿತ್ರ ಇದೆಯೇ ಎಂದು ಕೇಳಿಯೇ ಮುಂದುವರಿಯಿರಿ. ಉಚಿತ ರಿಪೀಟರ್ ಕೋರ್‌ನಲ್ಲೇ ಇದೆ, ಆದರೆ ಬಗೆಬಗೆಯ ಬ್ಲಾಕ್ ಜೋಡಿಸುವ ರಿಪೀಟರ್ ಮ್ಯಾಟ್ರಿಕ್ಸ್‌ಗೆ ದುಡ್ಡು ಕೊಡಬೇಕು. ಅಪ್‌ಗ್ರೇಡ್ ಎಂದರೆ ವೈರ್ ಫೋಲ್ಡರ್, ಇಂಡೆಕ್ಸ್ ಫೈಲು, ಎಚ್‌ಟಿಆಕ್ಸೆಸ್ ಈ ಮೂರನ್ನು ಬದಲಿಸುವುದು. ಹಳೆಯ ವೈರ್ ಫೋಲ್ಡರನ್ನು ಅಳಿಸದೆ ಹೆಸರು ಬದಲಿಸಿಟ್ಟುಕೊಂಡರೆ ಹಿಂದಿರುಗುವುದು ಅರ್ಧ ನಿಮಿಷದ ಕೆಲಸ.

ಫಿಗ್ಮಾ ಫೈಲಿನ ಬಗ್ಗೆ ಒಂದು ಮಾತು, ಇದು ಯಾವ ಸಿಎಂಎಸ್ ಆದರೂ ಸರಿ. ಶೀರ್ಷಿಕೆಗೆ ಲೈನ್ ಹೈಟ್ 1.2 ಎಂದಿದ್ದರೆ ಅದು ಇಂಗ್ಲಿಷ್ ಪದ ಇಟ್ಟು ಬರೆದ ಡಿಸೈನ್. ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. 1.5ಕ್ಕಿಂತ ಇಳಿಸಬೇಡಿ, ಲೆಟರ್ ಸ್ಪೇಸಿಂಗ್ ಸೊನ್ನೆ ಇರಲಿ.

ಹಾಗಾದರೆ ವರ್ಡ್‌ಪ್ರೆಸ್ ಯಾವಾಗ? ಸೈಟ್ ಕಟ್ಟಿದವರು ಮುಂದೆ ಸಿಗುವುದಿಲ್ಲ, ನೋಡಿಕೊಂಡು ಹೋಗುವವರು ಊರಿನಲ್ಲೇ ಬೇಕು ಎಂದಾಗ. ಪ್ರೊಸೆಸ್‌ವೈರ್ ಬಲ್ಲವರನ್ನು ತಾಲ್ಲೂಕು ಕೇಂದ್ರದಲ್ಲಿ ಹುಡುಕಿ ತೆಗೆಯುವುದು ಕಷ್ಟ. ವರ್ಡ್‌ಪ್ರೆಸ್ ಬಲ್ಲವರು ಜೆರಾಕ್ಸ್ ಅಂಗಡಿಯಲ್ಲೂ ಸಿಗುತ್ತಾರೆ. ಆಗ ಖಾಲಿ ಥೀಮ್ ನೀವೇ ಬರೆಯಿರಿ. ‘ಪುಸ್ತಕ’ ಪೋಸ್ಟ್ ಟೈಪಿಗೆ ಬ್ಲಾಕ್ ಎಡಿಟರನ್ನು ಮುಚ್ಚಿ ಫೀಲ್ಡ್‌ಗಳನ್ನು ಮಾತ್ರ ತೋರಿಸಿ. ಪೇಜ್‌ಗಳಲ್ಲಿ ಬ್ಲಾಕ್ ಬೇಕೇ ಬೇಕೆಂದರೆ ಥೀಮಿನ ಸೆಟ್ಟಿಂಗ್ ಫೈಲಾದ ಥೀಮ್ ಜೇಸನ್‌ನಲ್ಲಿ ಕಸ್ಟಮ್ ಬಣ್ಣ, ಕಸ್ಟಮ್ ಫಾಂಟ್ ಗಾತ್ರ ಎರಡನ್ನೂ ‘ಫಾಲ್ಸ್’ ಮಾಡಿ. ಇಲ್ಲದಿದ್ದರೆ ದೀಪಾವಳಿ ರಿಯಾಯಿತಿಯ ಪ್ರಕಟಣೆ ಗಿಳಿಹಸಿರು ಹಿನ್ನೆಲೆಯಲ್ಲಿ ಕೆಂಪಕ್ಷರದಲ್ಲಿ ಬರುತ್ತದೆ. ಎಕ್ಸರ್ಪ್ಟ್ (ಪಟ್ಟಿಯಲ್ಲಿ ಕಾಣುವ ಆಯ್ದ ತುಣುಕು) ಉದ್ದ ತಾನಾಗಿ 55 ಪದ. ಕನ್ನಡದ ಪದಗಳು ಉದ್ದವಾದ್ದರಿಂದ ಕಾರ್ಡಿನಿಂದ ಹೊರಚೆಲ್ಲುತ್ತದೆ, 25ಕ್ಕೆ ಇಳಿಸಿ. ಸ್ಲಗ್ ಫಿಲ್ಟರನ್ನು ಮೊದಲ ಪುಸ್ತಕ ತುಂಬುವ ಮುಂಚೆಯೇ ಹಾಕಿ, ಥೀಮಿನ ಫಂಕ್ಷನ್ಸ್ ಫೈಲಿನಲ್ಲಿ ಅಲ್ಲ, ಮಸ್ಟ್-ಯೂಸ್ ಪ್ಲಗಿನ್ ಫೋಲ್ಡರಿನಲ್ಲಿ. ಮುಂದೆ ಬರುವವರು ಥೀಮ್ ಬದಲಿಸಿದರೂ ಅದು ಅಲ್ಲೇ ಇರುತ್ತದೆ.