ವಾರ್ಫರಿನ್ ಅಥವಾ ಹೊಸ ಮಾತ್ರೆ: ಮೂಳೆಗೆ ಯಾವುದು ಹಗುರ?

ರಕ್ತ ಹೆಪ್ಪುಗಟ್ಟದಂತೆ ವರ್ಷಗಟ್ಟಲೆ ಮಾತ್ರೆ ತಗೊಳ್ಳಬೇಕಾದಾಗ ಮೂಳೆಯ ಬಗ್ಗೆಯೂ ಕೇಳಲೇಬೇಕು, ಅಲ್ವಾ?

ಇಂಥ ಹಳೆಯ ಮಾತ್ರೆ ವಾರ್ಫರಿನ್ ಕೆಲಸ ಮಾಡುವುದು ವಿಟಮಿನ್ ಕೆಯನ್ನು ತಡೆದು. ತೊಡಕು ಅಲ್ಲೇ ಇದೆ. ಮೂಳೆಯಲ್ಲಿರುವ ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನ್ ಕ್ಯಾಲ್ಸಿಯಂ ಹಿಡಿದುಕೊಳ್ಳಲು ಅದೇ ವಿಟಮಿನ್ ಬೇಕು. ಸಾಲದ್ದಕ್ಕೆ, ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ಎಂದು ಎಷ್ಟೋ ಜನ ಹೆದರಿ ಅದನ್ನು ತಿನ್ನುವುದನ್ನೇ ಬಿಡುತ್ತಾರೆ. ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಅಳತೆ ತಿಂದರೆ ಸಾಕು.

ಹೊಸ ಮಾತ್ರೆಗಳಾದ ಅಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಟ್ರಾನ್ ವಿಟಮಿನ್ ಕೆಯ ತಂಟೆಗೆ ಹೋಗುವುದಿಲ್ಲ. ಇವನ್ನು ತಗೊಂಡವರಲ್ಲಿ ಮೂಳೆ ಮುರಿತ ವಾರ್ಫರಿನ್‌ಗಿಂತ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಅವು ಹೆಚ್ಚಾಗಿ ರೋಗಿಗಳ ದಾಖಲೆ ನೋಡಿ ಮಾಡಿದವು, ಪೂರ್ತಿ ಪುರಾವೆಯಲ್ಲ. ಹೊಸ ಮಾತ್ರೆಗೆ ಪದೇಪದೇ ಐಎನ್‌ಆರ್ ಪರೀಕ್ಷೆಯೂ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವುದು) ಬೇಡ. ಆದರೆ ಕಿಡ್ನಿ ಹೇಗಿದೆ ಎಂದು ನೋಡುತ್ತಿರಬೇಕು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ಚುಚ್ಚಿಸಿಕೊಂಡರೆ ಮೂಳೆ ಸವೆಯಬಹುದು. ಅದರದೇ ಒಂದು ಬಗೆಯಾದ ಎನಾಕ್ಸಪರಿನ್‌ನಲ್ಲಿ ಆ ಭಯ ಕಡಿಮೆ.

ವಾರ್ಫರಿನ್, ಹೊಸ ಮಾತ್ರೆ ಎರಡೂ ಸಲ್ಲುವಂತಿದ್ದರೆ, ಅದರಲ್ಲೂ ಮೂಳೆ ಆಗಲೇ ಟೊಳ್ಳಾಗಿದ್ದರೆ, ನನ್ನ ಒಲವು ಹೊಸ ಮಾತ್ರೆಯ ಕಡೆಗೆ. ಹೃದಯದಲ್ಲಿ ಲೋಹದ ಕವಾಟ ಇದ್ದವರಿಗೆ ಈ ಆಯ್ಕೆ ಇಲ್ಲ, ಅವರಿಗೆ ವಾರ್ಫರಿನ್ನೇ ಬೇಕು. ದಯವಿಟ್ಟು ಮೂಳೆಯ ಚಿಂತೆಗೆ ಸುಮ್ನೆ ಮಾತ್ರೆ ನಿಲ್ಲಿಸಬೇಡಿ, ಪಾರ್ಶ್ವವಾಯು ಹೊಡೆಯಬಹುದು. ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕಾ ಎಂದು ಡಾಕ್ಟರನ್ನು ಕೇಳಿ.